ಶೇಂಗಾ ಆಗದ ಮಗನೊಂದಿಗೆ ಹಂಪಿ ಸುತ್ತುವುದು: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ಶೇಂಗಾ ಆಗದ ಮಗುವನ್ನು ಕರೆದುಕೊಂಡು ಶೇಂಗಾ ಸೀಮೆಗೇ ಪ್ರವಾಸ ಹೊರಟಿದ್ದೀರಿ. ಮಿಕ್ಸಿ ಕೊಂಡರೆ ಪೆಟ್ಟಿಗೆಯೊಳಗೆ ಒಂದು ಪುಸ್ತಕ ಬರುತ್ತದೆ, ಕುಕ್ಕರ್ ಕೊಂಡರೂ ಬರುತ್ತದೆ. ಮಗುವಿನ ಜೊತೆ ಬಂದದ್ದು ಲಸಿಕೆ ಕಾರ್ಡು ಮಾತ್ರ. ಆ ಕೊರತೆ ನೀಗಲೆಂದು ಈ ಕೈಪಿಡಿ. ಬಳಸುವ ಮುನ್ನ ಪೂರ್ತಿ ಓದಿ. ಓದಿದ ಮೇಲೆ ಅಟ್ಟದಲ್ಲಿ ಮಿಕ್ಸಿ ಪುಸ್ತಕದ ಪಕ್ಕ ಇಡಬೇಡಿ, ಅಲ್ಲಿಂದ ಯಾವ ಪುಸ್ತಕವೂ ಈವರೆಗೆ ಕೆಳಗಿಳಿದಿಲ್ಲ.

ಬರೆದವಳ ಅರ್ಹತೆ ಇಷ್ಟು: ತವರು ತುಮಕೂರು, ಗಂಡನ ಮನೆ ಹೊಸಪೇಟೆ, ಇರುವುದು ಬೆಂಗಳೂರು. ಮಗನಿಗೆ 9 ವರ್ಷ, 25 ಕಿಲೋ ತೂಕ. ತೂಕ ಯಾಕೆ ಹೇಳಿದೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಕಾರ್ಯಕ್ಷೇತ್ರ

ಈ ಕೈಪಿಡಿ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗೆ ಅನ್ವಯಿಸುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಅತ್ತ ಹೋದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆ ಎರಡಾಯಿತು, ಚಟ್ನಿ ಒಂದೇ.

ತುಮಕೂರಿನಲ್ಲಿ ಚಟ್ನಿ ಎಂದರೆ ಕಾಯಿ ಚಟ್ನಿ. ಇಲ್ಲಿ ಆಂಧ್ರ ಹತ್ತಿರ, ತೆಂಗಿನ ತೋಟ ದೂರ. ಇಡ್ಲಿಗೂ ದೋಸೆಗೂ ಶೇಂಗಾ ಚಟ್ನಿ. ಬೆಳಗಾದರೆ ಒಗ್ಗರಣಿ, ಮೆಣಸಿನಕಾಯಿ: ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ. ಆ ಮಂಡಕ್ಕಿಯ ನಡುವೆ ಕೆಂಪಗೆ ಹುರಿದ ಶೇಂಗಾ ಕಾಳು ಇಣುಕುತ್ತಿರುತ್ತದೆ. ಅವಲಕ್ಕಿಯಲ್ಲಿ ಶೇಂಗಾ, ಚಿತ್ರಾನ್ನದಲ್ಲಿ ಶೇಂಗಾ, ಎಣ್ಣೆಗಾಯಿ ಬದನೆಕಾಯಿಯ ಹೊಟ್ಟೆಯಲ್ಲಿ ಶೇಂಗಾ. ಏಕಾದಶಿಗೆ ಸಾಬೂದಾಣಿ ಖಿಚಡಿ ಮಾಡುತ್ತಾರೆ. ದೇವರಿಗೆಂದು ಅನ್ನ ಬಿಟ್ಟವರೂ ಶೇಂಗಾ ಬಿಟ್ಟಿಲ್ಲ. ಎಣ್ಣೆಯ ವಿಚಾರ ಸ್ವಲ್ಪ ನಾಜೂಕು. ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನು ಬಹುಪಾಲು ಹೋಗಿರುತ್ತದೆ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ‘ಇಲ್ಲಿ ಶುದ್ಧ ಗಾಣದ ಎಣ್ಣೆಯನ್ನೇ ಬಳಸಲಾಗುತ್ತದೆ’ ಎಂಬ ಬೋರ್ಡು ಕಂಡರೆ ಊರಿನವರೆಲ್ಲ ಒಳಗೆ ಹೋಗುತ್ತಾರೆ. ನೀವು ಮುಂದಕ್ಕೆ ಹೋಗಿ.

ಭಾಷೆಯ ಆಯ್ಕೆ

ಮೊದಲ ಸಲ ಕೆಲಸ ಕೆಟ್ಟಿದ್ದು ಇಲ್ಲಿಯೇ, ಹಾಗಾಗಿ ಈ ಭಾಗ ಉದ್ದ.

ಮೂರು ವರ್ಷದ ಕೆಳಗಿನ ಮಾತು. ಹೊಸಪೇಟೆಯಲ್ಲಿ ರೈಲು ಇಳಿದು, ಮನೆಗೆ ಹೋಗುವ ಮೊದಲೇ ಹಸಿವೆಂದು ಒಂದು ಹೋಟೆಲಿಗೆ ಹೊಕ್ಕೆವು. ಇಡ್ಲಿ ಬಂತು. ನಾನು ಪದ್ಧತಿ ಪ್ರಕಾರ ಕೇಳಿದೆ: “ಚಟ್ನಿಗೆ ಕಡಲೆಬೀಜ ಹಾಕಿದ್ದೀರಾ?”

“ಇಲ್ರೀ ಅಕ್ಕಾರ, ಕಡ್ಲಿ ಗಿಡ್ಲಿ ಏನೂ ಇಲ್ಲ.”

ಮಗ ಇಡ್ಲಿಯ ತುದಿಯನ್ನು ಚಟ್ನಿಗೆ ಅದ್ದಿ ಬಾಯಿಗಿಟ್ಟ. ಅರ್ಧ ನಿಮಿಷ ಆಗಿರಬಹುದು. “ಅಮ್ಮಾ, ನಾಲಿಗೆ ಚುಚ್ಚುತ್ತೆ” ಅಂದ. ಬಡಿಸುವ ಹುಡುಗ ಓಡಿ ಬಂದು ನನ್ನ ಮುಖ ನೋಡಿ, ತಟ್ಟೆ ನೋಡಿ, ನಿಜವಾಗಿಯೂ ನೊಂದುಕೊಂಡು ಹೇಳಿದ: “ಅದು ಶೇಂಗಾ ಚಟ್ನಿರೀ. ನೀವು ಕಡ್ಲಿ ಕೇಳಿದ್ರಿ.”

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಮ್ಮ ಕಡೆ ಕಡಲೆಕಾಯಿ, ಕಡಲೆಬೀಜ ಅಂದರೆ ನೆಲದೊಳಗೆ ಬೆಳೆಯುವುದು. ಇಲ್ಲಿ ಕಡ್ಲಿ ಅಂದರೆ ಕಡಲೆ ಬೇಳೆ ಆಗುವ ಕಡಲೆ; ಅದನ್ನು ಹುರಿದರೆ ಪುಟಾಣಿ, ನಮ್ಮಲ್ಲಿ ಹುರಿಗಡಲೆ. ನೆಲದೊಳಗಿನದು ಶೇಂಗಾ. ಒಂದೇ ರಾಜ್ಯ, ಒಂದೇ ಲಿಪಿ, 300 ಕಿಲೋಮೀಟರೂ ಇಲ್ಲದ ಅಂತರದಲ್ಲಿ ಕಾಳಿನ ಹೆಸರು ಅದಲುಬದಲು. ಅಡುಗೆಮನೆಯಲ್ಲಿರುವವರು ತೆಲುಗಿನವರಾದರೆ ‘ವೇರುಶೆನಗ’ ಅನ್ನಿ, ‘ಪಲ್ಲಿ’ ಅನ್ನಿ. ಉರ್ದು, ಹಿಂದಿಯವರಾದರೆ ‘ಮೂಂಗ್‌ಫಲಿ’. ಹೊಸಪೇಟೆಯ ಒಂದೇ ಬೀದಿಯಲ್ಲಿ ಈ ನಾಲ್ಕೂ ಹೆಸರು ಬೇಕಾಗುತ್ತವೆ. ನಾನು ಈಗ ಒಂದು ಡಬ್ಬಿಯಲ್ಲಿ ಸಿಪ್ಪೆ ಸಮೇತ ನಾಲ್ಕು ಶೇಂಗಾ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ, ಪರ್ಸಿನಲ್ಲಿಟ್ಟುಕೊಂಡು ತಿರುಗುತ್ತೇನೆ. ಮಾತು ತೊಡಕಿದರೆ ಡಬ್ಬಿ ತೋರಿಸುವುದು. ಅಲರ್ಜಿ ಇರುವ ಹುಡುಗನ ತಾಯಿ ಶೇಂಗಾ ಹೊತ್ತು ತಿರುಗುವುದು ಕಂಡು ನಮ್ಮ ಮೈದುನ ನಗುತ್ತಾನೆ. ನಗಲಿ.

ಪ್ರಶ್ನೆ ಕೇಳುವ ಕ್ರಮವೂ ಬದಲಾಗಬೇಕು. ‘ಇದೆಯಾ’ ಎಂದರೆ ‘ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗಿರಾಕಿಯ ಮನಸ್ಸು ಒಪ್ಪುವ ಉತ್ತರ ಅದು. ‘ಇದಕ್ಕೆ ಏನೇನು ಹಾಕಿದ್ದೀರಿ?’ ಎಂದು ಕೇಳಿ ಸುಮ್ಮನೆ ನಿಲ್ಲಿ. ಅಡುಗೆ ಮಾಡಿದವರಿಗೆ ತಮ್ಮ ಅಡುಗೆಯ ಬಗ್ಗೆ ಹೇಳುವುದಕ್ಕಿಂತ ಇಷ್ಟದ ಕೆಲಸ ಇಲ್ಲ. ಎಳ್ಳು, ಹುಣಸೆ, ಬೆಲ್ಲ, ಬೆಳ್ಳುಳ್ಳಿ ಎಂದು ಹೇಳುತ್ತ ಹೇಳುತ್ತ ಆರನೆಯದಾಗಿ ಅದೂ ಬಾಯಿಗೆ ಬರುತ್ತದೆ.

‘ಅಲರ್ಜಿ’ ಎಂಬ ಪದವನ್ನು ನಂಬಬೇಡಿ. ‘ನನಗ ನಮ್ಮ ಸಾಹೇಬನ ಕಂಡ್ರ ಅಲರ್ಜಿ’ ಎಂದು ಬಳಸಿ ಬಳಸಿ ಅದರ ಹರಿತ ಹೋಗಿದೆ. ‘ನಂಜು’ ಎಂದರೆ ಅರ್ಥವಾಗುತ್ತದೆ, ಆದರೆ ಬದನೆಕಾಯಿಯೂ ನಂಜು, ಗಾಯ ಇದ್ದವರಿಗೆ ಏನೆಲ್ಲವೂ ನಂಜು. ಎರಡು ದಿನ ತಿನ್ನದಿದ್ದರಾಯಿತು ಎಂಬ ಭಾವ ಅದರಲ್ಲಿದೆ. (ಹಳಬರ ನಂಜಿನ ಲೆಕ್ಕ ಪೂರ್ತಿ ಪೊಳ್ಳಲ್ಲ. ಮೈಸೂರಿನ ಸಂಶೋಧಕರು 2008ರಲ್ಲಿ ಬದನೆಕಾಯಿ ಅಲರ್ಜಿಯ ಬಗ್ಗೆಯೇ ಅಧ್ಯಯನ ಪ್ರಕಟಿಸಿದ್ದಾರೆ, ಅದು ಹೆಂಗಸರಲ್ಲಿ ಹೆಚ್ಚೆಂದೂ ಕಂಡಿದ್ದಾರೆ.) ಕೆಲಸ ಮಾಡುವ ವಾಕ್ಯ ಇದು, ಬಾಯಿಪಾಠ ಮಾಡಿ: “ಶೇಂಗಾ ತಿಂದ್ರ ಈ ಹುಡುಗನಿಗೆ ಉಸಿರು ಕಟ್ಟತೈತ್ರಿ, ದವಾಖಾನಿಗೆ ಒಯ್ಯಬೇಕಾಗ್ತೈತಿ.” ‘ಉಸಿರು’ ಎಂದ ಕೂಡಲೇ ಸೌಟು ಹಿಡಿದ ಕೈ ನಿಲ್ಲುತ್ತದೆ.

ಪೆಟ್ಟಿಗೆಯಲ್ಲಿ ಇರಬೇಕಾದವು

ಅಡ್ರಿನಲಿನ್ ಆಂಪ್ಯೂಲು ಎರಡು, 1 ಮಿಲಿಲೀಟರಿನ ಸಿರಿಂಜು ಮತ್ತು ಸೂಜಿ, ವೈದ್ಯರು ಸಹಿ ಹಾಕಿ ಬರೆದುಕೊಟ್ಟ ಚೀಟಿ. ಹೊರದೇಶಗಳಲ್ಲಿ ತೊಡೆಗೆ ಒತ್ತಿದರೆ ತಾನೇ ಚುಚ್ಚಿಕೊಳ್ಳುವ ಪೆನ್ನು ಸಿಗುತ್ತದೆ. ನಮ್ಮಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಆಂಪ್ಯೂಲು ಮುರಿದು ಸಿರಿಂಜಿಗೆ ಎಳೆದುಕೊಳ್ಳುವುದನ್ನು ನಮ್ಮ ಡಾಕ್ಟರು ಗಂಡನಿಗೂ ನನಗೂ ಬರೀ ನೀರಿನಲ್ಲಿ ಹತ್ತು ಸಲ ಮಾಡಿಸಿ ಕಲಿಸಿದರು. ಪ್ರಮಾಣ ತೂಕದ ಮೇಲೆ: ಕಿಲೋಗೆ 0.01 ಮಿಲಿಗ್ರಾಂ. ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಆಂಪ್ಯೂಲಿನಲ್ಲಿ ನಮ್ಮ 25 ಕಿಲೋಗೆ 0.25 ಮಿಲಿಲೀಟರು. ನಿಮ್ಮ ಮಗುವಿನ ಲೆಕ್ಕವನ್ನು ನಿಮ್ಮ ಡಾಕ್ಟರ ಕೈಲೇ ಬರೆಸಿಕೊಳ್ಳಿ, ಮಗು ದಪ್ಪವಾದಂತೆ ತಿದ್ದಿಸಿಕೊಳ್ಳಿ.

ಈ ಔಷಧಿಗೆ ಬಿಸಿಲೂ ಬೆಳಕೂ ಆಗುವುದಿಲ್ಲ. ಹೊಸಪೇಟೆಯ ಏಪ್ರಿಲ್‌ನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ರೊಟ್ಟಿ ಸುಡುವಷ್ಟು ಕಾದಿರುತ್ತದೆ, ಅಲ್ಲಿಡಬೇಡಿ.

ಎಚ್ಚರಿಕೆ: ಔಷಧಿಯನ್ನೂ ಬಾಳೆಹಣ್ಣನ್ನೂ ಒಂದೇ ಚೀಲದಲ್ಲಿ ಹಾಕಬಾರದು. ಹಂಪಿಯಲ್ಲಿ ಅಲರ್ಜಿ ಮಗುವಿಗೆ ಬಾಳೆಹಣ್ಣಿನಷ್ಟು ಭದ್ರವಾದ ಆಹಾರ ಮತ್ತೊಂದಿಲ್ಲ. ಸುತ್ತೆಲ್ಲ ಬಾಳೆ ತೋಟ, ಕಾರ್ಖಾನೆಯ ಸೀಲಿನ ಹಾಗೆ ಸಿಪ್ಪೆ, ಯಾರ ಸೌಟೂ ಮುಟ್ಟಿಲ್ಲ. ಆದರೆ ಈ ಸಂಗತಿ ಹೇಮಕೂಟದ ಕೋತಿಗಳಿಗೂ ಗೊತ್ತು. ಒಂದು ಕೋತಿ ನನ್ನ ಕೈಯಿಂದ ಚೀಲ ಕಿತ್ತು, ಬಂಡೆ ಏರಿ ಕೂತು, ಝಿಪ್ಪು ಎಳೆದು ಹಣ್ಣು ತೆಗೆದುಕೊಂಡಿತು. ಆಮೇಲೆ ಔಷಧಿಯ ಡಬ್ಬಿ ತೆಗೆದು ತಿರುಗಿಸಿ ಮುರುಗಿಸಿ ನೋಡಿ, ನಮ್ಮ ಕಡೆಗೊಮ್ಮೆ ನೋಡಿ, ಕೆಳಗೆ ಬಿಟ್ಟಿತು. ಆಂಪ್ಯೂಲು ಎರಡೂ ಚೂರು. ಅವತ್ತು ಹೊಸಪೇಟೆಗೆ 12 ಕಿಲೋಮೀಟರು ವಾಪಸ್ ಹೋಗಿ ಹೊಸ ಆಂಪ್ಯೂಲು ತರುವ ತನಕ ಮಗನ ಬಾಯಿಗೆ ನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಈಗ ಔಷಧಿ ನನ್ನ ಸೊಂಟಕ್ಕೆ ಕಟ್ಟಿರುತ್ತದೆ.

ಇನ್ನೊಂದು: ಕೈಗೆ ಶೇಂಗಾ ತಗುಲಿದರೆ ಸ್ಯಾನಿಟೈಸರ್ ಸಾಲದು. ಅದು ಕ್ರಿಮಿ ಕೊಲ್ಲುತ್ತದೆ, ಪ್ರೋಟೀನನ್ನು ತೆಗೆಯುವುದಿಲ್ಲ. ಸೋಪು ನೀರು ಬೇಕು, ಇಲ್ಲವೇ ಒದ್ದೆ ವೈಪಿನಲ್ಲಿ ಉಜ್ಜಬೇಕು.

ಹಂಪಿ

ಇಲ್ಲಿ ಸ್ವಲ್ಪ ಸಮಾಧಾನ. ಡೊಮಿಂಗೊ ಪಯಸ್ ಎಂಬ ಪೋರ್ಚುಗೀಸ 1520ರ ಸುಮಾರಿಗೆ ವಿಜಯನಗರದ ಪೇಟೆಯಲ್ಲಿ ಕಂಡ ಧಾನ್ಯಗಳ ಪಟ್ಟಿ ಬರೆದಿಟ್ಟಿದ್ದಾನೆ: ಅಕ್ಕಿ, ಗೋಧಿ, ಹೆಸರು, ಹುರುಳಿ ಎಲ್ಲ ಇವೆ, ಶೇಂಗಾ ಇಲ್ಲ. ಅದು ದಕ್ಷಿಣ ಅಮೆರಿಕದ ಬೆಳೆ, ಇಲ್ಲಿ ಬೇರೂರಿದ್ದು ಎಷ್ಟೋ ಆಮೇಲೆ. ಕೃಷ್ಣದೇವರಾಯನ ಪಂಕ್ತಿಯಲ್ಲಿ ನನ್ನ ಮಗ ನಿಶ್ಚಿಂತೆಯಿಂದ ಕೂತು ಉಣ್ಣಬಹುದಿತ್ತು. ಭೋಜನಶಾಲೆ ಎನ್ನುವ ಜಾಗದಲ್ಲಿ ಕಾಲುವೆಯ ಎರಡೂ ಬದಿಗೆ ಕಲ್ಲಿನ ತಟ್ಟೆಗಳು ಸಾಲಾಗಿವೆ, ಒಂದೊಂದು ವ್ಯಂಜನಕ್ಕೂ ಬೇರೆ ಬೇರೆ ಗುಳಿ ಕೊರೆದು. ಒಂದರ ರಸ ಇನ್ನೊಂದಕ್ಕೆ ಸೇರದ ಆ ಏರ್ಪಾಡು ನೋಡಿ ನಾನು ಕಣ್ಣು ತುಂಬಿಕೊಂಡಷ್ಟು ಕಲ್ಲಿನ ರಥ ನೋಡಿಯೂ ತುಂಬಿಕೊಂಡಿಲ್ಲ.

ಈಗಿನ ಹಂಪಿಯಲ್ಲಿ ವಿದೇಶಿಯರಿಗೆಂದು ಇರುವ ಕೆಫೆಗಳಲ್ಲಿ ‘ಪೀನಟ್ ಅಲರ್ಜಿ’ ಎಂದರೆ ಹುಡುಗರಿಗೆ ತಕ್ಷಣ ಗೊತ್ತಾಗುತ್ತದೆ. ಹಾಗೆಂದು ಮೈಮರೆಯಬೇಡಿ, ಅದೇ ಅಡುಗೆಮನೆಯಲ್ಲಿ ಪೀನಟ್ ಬಟರಿನ ಡಬ್ಬಿಯೂ ಇರುತ್ತದೆ. ಎಳ್ಳು ಆಗದವರು ಹಮ್ಮಸ್ ಮುಟ್ಟಬಾರದು, ಅದರಲ್ಲಿ ಅರೆದ ಎಳ್ಳಿರುತ್ತದೆ.

ಜಲಯಾನ

ಸಿಂಗಪುರದಲ್ಲಿರುವ ನಾದಿನಿ ಕುಟುಂಬ ಸಮೇತ ಕ್ರೂಸ್ ಹೋಗಿ ಬಂದಳು. ಹಡಗು ಹತ್ತುವ ಮೊದಲೇ ಯಾರಿಗೆ ಯಾವ ಆಹಾರ ಆಗುವುದಿಲ್ಲ ಎಂಬ ಫಾರಂ ತುಂಬಿಸಿಕೊಂಡರಂತೆ, ರಾತ್ರಿ ಊಟಕ್ಕೆ ಮೊದಲು ಬಡಿಸುವವರ ಮೇಸ್ತ್ರಿಯೇ ಬಂದು ಕೇಳುತ್ತಿದ್ದನಂತೆ. ನಮ್ಮ ಕ್ರೂಸು ತಳವಾರಘಟ್ಟದಿಂದ ಆನೆಗುಂದಿಗೆ ತೆಪ್ಪದಲ್ಲಿ. ಇದನ್ನೂ ಪಯಸ್ ಬರೆದಿದ್ದಾನೆ: ಬುಟ್ಟಿಯ ಹಾಗೆ ದುಂಡಗಿನ ದೋಣಿ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೇರ ಹೋಗದೆ ಸುತ್ತುತ್ತಲೇ ಇರುತ್ತದೆ. ಚರ್ಮ ಹೋಗಿ ಪ್ಲಾಸ್ಟಿಕ್ಕು, ಡಾಂಬರು ಬಂದಿದೆ. ಸುತ್ತುವುದು ಹಾಗೇ ಇದೆ.

ತೆಪ್ಪದಲ್ಲಿ ಪಕ್ಕದ ಕುಟುಂಬ ಪೊಟ್ಟಣ ಬಿಚ್ಚುತ್ತದೆ. ಏನಿರುತ್ತದೆ ಎಂದು ಹೇಳಬೇಕೆ? ಹುರಿದ ಶೇಂಗಾದ ವಾಸನೆ ಮಾತ್ರದಿಂದ ಸಾಮಾನ್ಯವಾಗಿ ಅಪಾಯವಿಲ್ಲ, ಗಾಬರಿ ಬೇಡ. ಅಪಾಯ ಇರುವುದು ಪ್ರೀತಿಯಿಂದ ಚಾಚುವ ಕೈಯಲ್ಲಿ: “ತಗೋ ಪುಟ್ಟಾ.” ನದಿ ನಡುವೆ ಇಳಿದು ಹೋಗಲಾಗುವುದಿಲ್ಲ. ಹತ್ತುವ ಮೊದಲೇ ಎಲ್ಲರಿಗೂ ಆ ‘ಉಸಿರು’ ವಾಕ್ಯ ಹೇಳಿಬಿಡಿ. ನಾವು ಹೇಳಿದ ದಿನ ಹುಬ್ಬಳ್ಳಿಯ ಅಜ್ಜರೊಬ್ಬರು ಜೇಬಿನ ಶೇಂಗಾವನ್ನೆಲ್ಲ ದಡದ ಆಡಿಗೆ ಹಾಕಿ, ಹೊಳೆಯಲ್ಲಿ ಕೈ ತೊಳೆದು, ಧೋತರಕ್ಕೆ ಒರೆಸಿಕೊಂಡು ಹತ್ತಿದರು. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟ ದಿನ ತೆಪ್ಪವೇ ಇರುವುದಿಲ್ಲ.

ಸಂಡೂರು

ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿ, ಗುಡ್ಡ ಹಸಿರಾಗಿರುತ್ತದೆ. ಬುತ್ತಿ ಕಟ್ಟಿಕೊಂಡೇ ಹೋಗಿ. ಖಡಕ್ ರೊಟ್ಟಿ, ಮೊಸರು, ಪುಟಾಣಿ ಪುಡಿ ಸಾಕು. ಆದರೆ ಪುಟಾಣಿ ಪುಡಿಯನ್ನು ಎಲ್ಲಿ ಪುಡಿ ಮಾಡಿದಿರಿ? ಶೇಂಗಾ ಪುಡಿ ಮಾಡಿದ ಜಾರಿನಲ್ಲೇ ಮಾಡಿದ್ದರೆ ಅದು ಪುಟಾಣಿ ಪುಡಿಯಲ್ಲ. ಬ್ಲೇಡಿನ ಕೆಳಗಿನ ಸಂದಿಯಲ್ಲಿ ಹಳೆಯ ಪುಡಿ ಕಲ್ಲುಗಟ್ಟಿ ಕೂತಿರುತ್ತದೆ. ಅಂಗಡಿಯ ಪೊಟ್ಟಣವಾದರೆ ಹಿಂಬದಿ ಓದಿ: 2020ರ ಆಹಾರ ಲೇಬಲ್ ನಿಯಮದ ಪ್ರಕಾರ ಶೇಂಗಾ, ಹಾಲು, ಮೊಟ್ಟೆ, ಮೀನು, ಸೋಯಾ ಮುಂತಾದವು ಇದ್ದರೆ ಬರೆಯಲೇಬೇಕು. ಹೋಟೆಲಿಗೂ ನಿಯಮ ಇದೆ, ಆದರೆ ಅದು ಕೇಂದ್ರ ಲೈಸೆನ್ಸ್ ಇರುವವರಿಗೆ, ಇಲ್ಲವೇ ಹತ್ತು ಅಥವಾ ಹೆಚ್ಚು ಮಳಿಗೆ ಇರುವವರಿಗೆ. ಒಂದೇ ಕೋಣೆಯ ಖಾನಾವಳಿಗೆ ಅನ್ವಯವಿಲ್ಲ.

ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಹೊಸಪೇಟೆಯಿಂದ ಇಲ್ಲಿಗಿರುವ 30 ಚಿಲ್ಲರೆ ಕಿಲೋಮೀಟರಿಗೆ ಎಷ್ಟು ಹೊತ್ತಾಗುತ್ತದೆ ಎಂದು ದೇವರೂ ಹೇಳಲಾರ. ಘಾಟಿಯಲ್ಲಿ ಹೊಸ ತಿಂಡಿಯ ಪ್ರಯೋಗ ಬೇಡ.

ಕಂಪ್ಲಿ: ಬಂಧುಗಳ ಮನೆ

ಅತ್ಯಂತ ಅಪಾಯದ ವಲಯ. ಹೋಟೆಲಿನವರಿಗೆ ನಿಮ್ಮ ಮಗನ ಮೇಲೆ ಪ್ರೀತಿಯಿಲ್ಲ, ಇಲ್ಲಿ ಇದೆ. ನಮ್ಮ ಅತ್ತೆಯವರ ತಂಗಿ, ಚಿಗವ್ವ, ನಾವು ಬರುತ್ತೇವೆಂದು ಹಿಂದಿನ ರಾತ್ರಿಯೇ ಶೇಂಗಾ ಹೋಳಿಗೆ ಮಾಡಿಟ್ಟಿರುತ್ತಾರೆ.

“ಒಂದು ಚೂರು ತಿಂದ್ರ ಏನಾಗ್ತೈತವ್ವಾ? ನಮ್ಮ ಹುಡುಗ್ರು ಹಲ್ಲು ಬರೂಕಿಂತ ಮೊದಲ ಶೇಂಗಾ ನೆಕ್ಕಿ ಬೆಳೆದಾರ. ನೀವು ಪ್ಯಾಟ್ಯಾಗ ಡಬ್ಬಿ ಹಾಲು ಹಾಕಿ ಹಿಂಗ ಮಾಡಿಟ್ಟೀರಿ.”

ಇದಕ್ಕೆ ಉತ್ತರ ಕೊಡುವ ಮುನ್ನ ಒಂದು ವಿಷಯ ತಿಳಿದಿರಲಿ: ಚಿಗವ್ವ ಅರ್ಧ ಸರಿ. ಹಂಪಿಯ ಕೆಫೆಗಳಲ್ಲಿ ಕೂರುವ ಇಸ್ರೇಲಿಗಳ ದೇಶದಲ್ಲಿ ಹಸುಗೂಸುಗಳಿಗೆ ಬಾಂಬಾ ಎಂಬ ಶೇಂಗಾ ಕುರುಕಲು ಕೊಡುತ್ತಾರೆ. ಅಲ್ಲಿನ ಯಹೂದಿ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹತ್ತು ಪಟ್ಟು ಹೆಚ್ಚು ಎಂದು 2008ರಲ್ಲಿ ಕಂಡುಬಂತು. ಆಮೇಲೆ ಲಂಡನ್ನಿನಲ್ಲಿ 4ರಿಂದ 11 ತಿಂಗಳಿನ 640 ಕೂಸುಗಳ ಮೇಲೆ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು: ಶೇಂಗಾ ತಿನ್ನಿಸದೆ ಬೆಳೆಸಿದವರಲ್ಲಿ ಐದನೇ ವರ್ಷಕ್ಕೆ ನೂರಕ್ಕೆ 17.2 ಮಂದಿಗೆ ಅಲರ್ಜಿ, ತಿನ್ನಿಸಿದವರಲ್ಲಿ 3.2. ಚಿಗವ್ವ ಇದನ್ನು ಪರೀಕ್ಷೆಯಿಲ್ಲದೆ ಹೇಳಿದ್ದರು. ಅವರ ಲೆಕ್ಕ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಆ ಉಪಾಯ ಅಲರ್ಜಿ ಬಾರದಂತೆ ತಡೆಯುವುದಕ್ಕೆ. ಬಂದಾದ ಮೇಲೆ ಅಡುಗೆಮನೆಯಲ್ಲಿ ನಿಂತು ಒಂದು ಚೂರು ತಿನ್ನಿಸುವುದು ಔಷಧವಲ್ಲ.

ನಾನು ಮೊದಲ ಭಾಗ ಒಪ್ಪಿಕೊಂಡೆ. “ನೀವು ಹೇಳಿದ್ದು ಖರೆ ಚಿಗವ್ವ, ಕೂಸಿದ್ದಾಗ ನಾನೇ ಕೊಡಲಿಲ್ಲ.” ಅಷ್ಟು ಅಂದಿದ್ದೇ ತಡ, ಅವರೇ ಹೋಳಿಗೆ ಡಬ್ಬಿಯನ್ನು ಅಟ್ಟಕ್ಕೇರಿಸಿ, ಕೈ ತೊಳೆದು, ಬೇರೆ ತವದ ಮೇಲೆ ಬೇಳೆ ಹೋಳಿಗೆ ಬೇಯಿಸಿದರು. ವಾದದಲ್ಲಿ ಸೋತರೆ ಅಡುಗೆಮನೆಯಲ್ಲಿ ಗೆಲ್ಲಬಹುದು. ವಾದದಲ್ಲಿ ಗೆಲ್ಲಲು ಹೊರಟರೆ ಎರಡೂ ಹೋಗುತ್ತವೆ.

ಸೂಚನೆ: ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ, ಗಂಗಾವತಿ ನಡುವಿನ ಸೇತುವೆ ಮುಳುಗುತ್ತದೆ. ಆಸ್ಪತ್ರೆ ಯಾವ ದಡದಲ್ಲಿ ಎಂದು ಊಟಕ್ಕೆ ಕೂರುವ ಮೊದಲೇ ವಿಚಾರಿಸಿಕೊಳ್ಳಿ.

ತೊಂದರೆ ಕಂಡುಬಂದರೆ

ಇಲ್ಲಿ ತಮಾಷೆ ಇಲ್ಲ. ಬಾಯಿ ತುರಿಕೆ, ಎರಡು ದದ್ದು ಮಾತ್ರ ಎಂದರೆ ಡಾಕ್ಟರು ಬರೆದುಕೊಟ್ಟ ಅಲರ್ಜಿ ಸಿರಪ್ಪು ಕೊಟ್ಟು ಕಣ್ಣಿಟ್ಟಿರಿ. ಕೆಮ್ಮು, ಏದುಸಿರು, ಬದಲಾದ ಧ್ವನಿ, ಮೇಲಿಂದ ಮೇಲೆ ವಾಂತಿ, ತಲೆ ಸುತ್ತು ಕಂಡರೆ ಕಾಯಬೇಡಿ: ತೊಡೆಯ ಹೊರಬದಿಗೆ ಅಡ್ರಿನಲಿನ್, ಆಮೇಲೆ 108. ಸಿರಪ್ಪು ಅದರ ಬದಲಿಯಲ್ಲ. ಮಗುವನ್ನು ಮಲಗಿಸಿ, ಕಾಲು ಮೇಲೆತ್ತಿ. ಉಸಿರಿಗೆ ಕಷ್ಟವಾದರೆ ಕೂರಿಸಿ. ಎದ್ದು ಓಡಾಡಲು ಬಿಡಬೇಡಿ. ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಹೋಗಿ, ಕೆಲವು ಗಂಟೆಯ ಮೇಲೆ ಮತ್ತೆ ಬರಬಹುದು.

ಹೊಸಪೇಟೆಯ ಆ ಬೆಳಿಗ್ಗೆ ಮಗನ ತುಟಿ ಊದಿತು, ಕುತ್ತಿಗೆಗೆ ದದ್ದು ಎದ್ದವು, ಮೂರನೆಯದಾಗಿ ಕೆಮ್ಮು ಬಂತು. ಗಂಡ ಆಂಪ್ಯೂಲಿನ ಕುತ್ತಿಗೆ ಮುರಿದ, ಬೆರಳು ಕೊಯ್ದುಕೊಂಡ, ಔಷಧಿ ಎಳೆದ. ಸಿರಿಂಜು ನಡುಗುತ್ತಿತ್ತು. ಬಡಿಸುವ ಹುಡುಗ ಮಗನ ಕಾಲು ಒತ್ತಿ ಹಿಡಿದ. ಚಡ್ಡಿಯ ಮೇಲಿಂದಲೇ ಚುಚ್ಚಿದ್ದಾಯಿತು. ಹತ್ತು ನಿಮಿಷದಲ್ಲಿ ಕೆಮ್ಮು ನಿಂತಿತು. ಸಂಜೆಯವರೆಗೆ ಆಸ್ಪತ್ರೆಯಲ್ಲಿ ಇಟ್ಟುಕೊಂಡರು, ಆ ಹುಡುಗ ಪಾಳಿ ಮುಗಿಸಿ ಅಲ್ಲಿಗೂ ಬಂದಿದ್ದ. ಕೈಯಲ್ಲಿ ಬಾಳೆಹಣ್ಣು.

ವಾರಂಟಿ

ಇಲ್ಲ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಹೋಟೆಲು, ಖಾನಾವಳಿಯವರಲ್ಲಿ ಒಂದು ವಿನಂತಿ ಮಾತ್ರ ಇದೆ. ಚಟ್ನಿ ಪಾತ್ರೆಯ ಮೇಲೆ ಸುಣ್ಣದಲ್ಲಾದರೂ ಸರಿ, ‘ಶೇಂಗಾ’ ಎಂದು ಬರೆದಿಡಿ. ಎರಡೇ ಅಕ್ಷರ, ನಡುವೆ ಒಂದು ಸೊನ್ನೆ.